ಸ್ಪೋರ್ಟ್ಸ್ ಕಾರಿಗೆ ಯಾವ ಸ್ಟೇರಿಂಗ್ ಚೆಂದ? ತಮ್ಮನ ಕಾರು ಕಲಿಸಿದ ಪಾಠ

(ಇದು ಸಂಚಿಕೆಯ ಪಠ್ಯರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಬಸ್ಸಲ್ಲಿ ಕೂತು ಕೇಳ್ತಾ ಇರೋರಿಗೆ, ಹಾಸ್ಟೆಲ್ ರೂಮಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ತೋಟದಲ್ಲಿ ನೀರು ತಿರುಗಿಸ್ತಾ ಜೇಬಲ್ಲಿ ಫೋನ್ ಇಟ್ಕೊಂಡು ಕೇಳೋರಿಗೆ, ಎಲ್ಲರಿಗೂ ಸ್ವಾಗತ. ಗಾಡಿ ಓಡಿಸ್ತಾ ಕೇಳ್ತಿದ್ರೆ ಒಂದು ವಿನಂತಿ: ಸೌಂಡ್ ಸ್ವಲ್ಪ ಕಡಿಮೆ ಮಾಡ್ಕೊಳ್ಳಿ, ಎರಡೂ ಕೈ ಸ್ಟೇರಿಂಗ್ ಮೇಲಿರಲಿ. ಯಾಕಂದ್ರೆ ಇವತ್ತಿನ ಮಾತು ಅದರದ್ದೇ.

ಕೆಲವು ತಿಂಗಳ ಹಿಂದೆ ರಾತ್ರಿ ಹನ್ನೊಂದು ಗಂಟೆಗೆ ನನ್ನ ಫೋನಿಗೆ ಐದು ಫೋಟೊ ಬಂದವು. ಐದೂ ಸ್ಟೇರಿಂಗ್ ಚಿತ್ರಗಳು. ಒಂದು ಗುಂಡಗೆ, ಒಂದರ ಕೆಳಭಾಗ ಚಪ್ಪಟೆ, ಒಂದು ವಿಮಾನದ ಹಿಡಿ ಇದ್ದ ಹಾಗೆ ಮೇಲೆ ಏನೂ ಇಲ್ಲ, ಒಂದು ಮರದ್ದು, ಇನ್ನೊಂದು ಕಪ್ಪು ಮಕಮಲ್ಲಿನ ಥರದ್ದು. ಕೆಳಗೆ ಒಂದೇ ಸಾಲು: 'ಅಣ್ಣಾ, ಇದ್ರಾಗೆ ಯಾವ್ದು ಹಾಕ್ಸ್ಲಿ?'

ಕಳಿಸಿದೋನು ನಮ್ಮ ಚಿಕ್ಕಪ್ಪನ ಮಗ. ನಮ್ಮೂರು ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿ. ಸೂಳೆಕೆರೆ ಅಂದ್ರೆ ನಿಮಗೆಲ್ಲ ಗೊತ್ತು, ಶಾಂತಿಸಾಗರ ಅಂತಲೂ ಕರೀತಾರೆ, ಅದರ ಮಗ್ಗುಲಿನ ಊರು. ನಮ್ಮ ಕಡೆ ಅಡಿಕೆ ಚೆನ್ನಾಗಿ ಬಂದ ವರ್ಷ ಮನೆಗೆ ಹೊಸ ಮಹಡಿ ಏಳುತ್ತೆ, ಇಲ್ಲ ಹೊಸ ಗಾಡಿ ಬರುತ್ತೆ. ತಮ್ಮ ಎರಡನೇದನ್ನ ಆರಿಸಿಕೊಂಡ. ಸೆಕೆಂಡ್ ಹ್ಯಾಂಡ್ ಗಾಡಿ, ವಿದೇಶಿ ಕಂಪನಿದು, ಎರಡು ಬಾಗಿಲು, ಎರಡೇ ಸೀಟು. ಕಂಪನಿ ಹೆಸರು ಹೇಳಬೇಡ ಅಂತ ಅವನು ನನ್ನ ಕೈಲಿ ಆಣೆ ಮಾಡಿಸಿಕೊಂಡಿದಾನೆ, ಹಾಗಾಗಿ ಹೇಳಲ್ಲ. ಅಡಿಕೆ ಒಣಗಿಸೋ ಕಣದ ಪಕ್ಕದ ಶೆಡ್ಡಲ್ಲಿ, ಟ್ರ್ಯಾಕ್ಟರ್ ಪಕ್ಕ ಅದು ನಿಂತಿದ್ದಾಗ ನೋಡೋಕೆ ಬಂದೋರಿಗೆ ಚಿಕ್ಕಮ್ಮ ಕಾಫಿ ಕೊಟ್ಟು ಕೊಟ್ಟು ಸುಸ್ತಾಗಿದ್ರು.

ನಾನು ಓದಿದ್ದು ಬಿ.ಕಾಂ. ಎಂಜಿನಿಯರ್ ಅಲ್ಲ. ನನಗೆ ಗೊತ್ತಿರೋದು ಒಂದೇ: ಯಾವುದೇ ಖರ್ಚು ಮಾಡೋ ಮುಂಚೆ ಎಡಗಡೆ ಏನು ಬರುತ್ತೆ, ಬಲಗಡೆ ಏನು ಹೋಗುತ್ತೆ ಅಂತ ಬರೆಯೋದು. ಹಾಗಾಗಿ 'ತಡಿಯೋ, ಎರಡು ದಿನ ಟೈಮ್ ಕೊಡು' ಅಂದೆ. ಆ ಎರಡು ದಿನದಲ್ಲಿ ಓದಿದ್ದು, ಮೆಕ್ಯಾನಿಕ್‌ಗಳ ಹತ್ರ ಕೇಳಿದ್ದು, ಆಮೇಲೆ ತಮ್ಮನ ಕಾರಲ್ಲೇ ಕಂಡಿದ್ದು, ಇವೆಲ್ಲ ಸೇರಿ ಈ ಸಂಚಿಕೆ.

ಗುಂಡಗೇ ಯಾಕಿರಬೇಕು?

ಮೊದಲು ಬುಡದಿಂದ ಶುರು ಮಾಡೋಣ. ಮೊದಮೊದಲ ಕಾರುಗಳಿಗೆ ಸ್ಟೇರಿಂಗ್ ಚಕ್ರವೇ ಇರಲಿಲ್ಲ. ದೋಣಿಯ ಚುಕ್ಕಾಣಿ ಥರ ಒಂದು ಉದ್ದನೆ ಹಿಡಿ ಇರ್ತಿತ್ತು, ಅದನ್ನ ಆ ಕಡೆ ಈ ಕಡೆ ತಳ್ಳಬೇಕಿತ್ತು. ನಿಧಾನಕ್ಕೆ ಹೋಗುವಾಗ ಸರಿ, ವೇಗ ಜಾಸ್ತಿ ಆದ್ರೆ ಸಣ್ಣ ಅಲುಗಾಟಕ್ಕೂ ಗಾಡಿ ಅಡ್ಡ ತಿರುಗೋದು. 1894ರಲ್ಲಿ ಪ್ಯಾರಿಸ್‌ನಿಂದ ರೂವಾನ್‌ಗೆ ನಡೆದ ಓಟದಲ್ಲಿ ಆಲ್‌ಫ್ರೆಡ್ ವಾಶರಾನ್ ಅನ್ನೋರು ತಮ್ಮ ಪಾನಾರ್ ಗಾಡಿಗೆ ಚಕ್ರ ಹಾಕ್ಕೊಂಡು ಬಂದ್ರು. ಅಲ್ಲಿಂದಾಚೆ ಹಿಡಿ ಹೋಯ್ತು, ಚಕ್ರ ಉಳೀತು.

ಗುಂಡಗಿರೋದರ ಲಾಭ ಏನು? ಎಷ್ಟು ತಿರುಗಿಸಿದ್ರೂ ಕೈಗೆ ಸಿಗೋ ಆಕಾರ ಅದೇ ಇರುತ್ತೆ. ಸಂದಿಯಲ್ಲಿ ಗಾಡಿ ತಿರುಗಿಸೋವಾಗ ಒಂದೂವರೆ ಸುತ್ತು ತಿರುಗಿಸ್ತೀರಿ ಅಂದ್ಕೊಳ್ಳಿ. ಕಣ್ಣು ಹಿಂದೆ ಇರುತ್ತೆ, ಕೈ ತನ್ನಷ್ಟಕ್ಕೆ ತಾನು ಹಿಡ್ಕೊಂಡು ಹೋಗುತ್ತೆ. ಕೈ ಎಲ್ಲಿ ಇಟ್ರೂ ಅಲ್ಲಿ ರಿಮ್ ಇರುತ್ತೆ ಅನ್ನೋ ನಂಬಿಕೆ ಇದೆಯಲ್ಲ, ಅದೇ ಗುಂಡು ಸ್ಟೇರಿಂಗಿನ ಬಂಡವಾಳ.

ಇದನ್ನ ಬದಲಿಸೋಕೆ ಹೋಗಿ ಕೈ ಸುಟ್ಕೊಂಡೋರೂ ಇದಾರೆ. ಬ್ರಿಟನ್ನಿನಲ್ಲಿ 1973ರಲ್ಲಿ ಆಸ್ಟಿನ್ ಅಲೆಗ್ರೊ ಅನ್ನೋ ಕಾರು ಬಂತು. ಅದರ ಸ್ಟೇರಿಂಗ್ ಮೂಲೆ ಉಜ್ಜಿದ ಚೌಕದ ಥರ ಇತ್ತು. ಮೀಟರ್ ಚೆನ್ನಾಗಿ ಕಾಣುತ್ತೆ, ಕಾಲಿಗೆ ಜಾಗ ಸಿಗುತ್ತೆ ಅಂತೆಲ್ಲ ಹೇಳಿದ್ರು. ಜನ ಒಪ್ಪಲಿಲ್ಲ. ಒಂದೆರಡು ವರ್ಷದಲ್ಲೇ ಕಂಪನಿ ವಾಪಸ್ ಗುಂಡು ಸ್ಟೇರಿಂಗಿಗೆ ಬಂತು.

ಸೈಜು: ಚಿಕ್ಕದಾದ್ರೆ ಏನಾಗುತ್ತೆ?

ಈಗ ತಮ್ಮನ ಫೋಟೊಗಳಿಗೆ ಬರೋಣ. ಅಂಗಡಿಗಳಲ್ಲಿ ಸಿಗೋ ಸ್ಪೋರ್ಟ್ಸ್ ಸ್ಟೇರಿಂಗುಗಳು ಸಾಮಾನ್ಯವಾಗಿ 330, 350 ಮಿಲಿಮೀಟರ್ ವ್ಯಾಸದವು. ಕಾರಿನ ಜೊತೆ ಬಂದಿರೋದು 370, 380ರ ಹತ್ರ ಇರುತ್ತೆ. ನಾಲ್ಕೈದು ಸೆಂಟಿಮೀಟರ್‌ನಲ್ಲಿ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕೋಣ, ನಮಗೆ ಬರೋದು ಅದೊಂದೇ.

380ರ ಚಕ್ರದ ಅಂಚು ಹಿಡಿದು ಪೂರ್ತಿ ಒಂದು ಸುತ್ತು ತಿರುಗಿಸಿದ್ರೆ ಕೈ ಸುಮಾರು 119 ಸೆಂಟಿಮೀಟರ್ ದಾರಿ ಸವೆಸುತ್ತೆ. 330ರದ್ದಾದ್ರೆ ಸುಮಾರು 104. ಅಂದ್ರೆ ಕಡಿಮೆ ಕೈಯಾಡಿಸಿ ಹೆಚ್ಚು ತಿರುಗಿಸಬಹುದು. ಗಾಡಿ ಚುರುಕಾಯ್ತು ಅನ್ನಿಸೋದು ಇದಕ್ಕೇ. ನಿಜ ಹೇಳಬೇಕಂದ್ರೆ ಗಾಡಿ ಏನೂ ಬದಲಾಗಿಲ್ಲ, ಗೇರಿನ ಅನುಪಾತವೂ ಅದೇ. ಬದಲಾಗಿದ್ದು ಕೈ ಹೋಗೋ ದೂರ.

ಪುಗಸಟ್ಟೆ ಏನೂ ಸಿಗಲ್ಲ. ತಿರುಗಿಸೋ ಬಲ ಅಂದ್ರೆ ಕೈಯ ಒತ್ತಡ ಗುಣಿಸು ಮಧ್ಯದಿಂದ ಅಂಚಿನ ದೂರ. ದೂರ 19 ಸೆಂಟಿಮೀಟರ್‌ನಿಂದ 16.5ಕ್ಕೆ ಇಳಿದ್ರೆ ಅದೇ ಕೆಲಸಕ್ಕೆ ಕೈ ಶೇ 15ರಷ್ಟು ಹೆಚ್ಚು ಒತ್ತಬೇಕು. ಪವರ್ ಸ್ಟೇರಿಂಗ್ ಇದ್ರೆ ಇದು ಅಷ್ಟಾಗಿ ಗೊತ್ತಾಗಲ್ಲ. ಪವರ್ ಸ್ಟೇರಿಂಗ್ ಇಲ್ಲದ ಹಳೇ ಗಾಡಿಗೆ ಹಾಕಿದ್ರೆ ಸಂತೆ ದಿನ ಪಾರ್ಕಿಂಗ್ ಮಾಡೋವಾಗ ತೋಳು ಹೇಳುತ್ತೆ. ಹಳೇ ಅಂಬಾಸಿಡರ್, ಲಾರಿಗಳ ಸ್ಟೇರಿಂಗ್ ಅಷ್ಟು ದೊಡ್ಡದಿತ್ತಲ್ಲ, ಅದು ಶೋಕಿಗಲ್ಲ. ಚಾಲಕನ ತೋಳಿಗೆ ಸಹಾಯ ಆಗಲಿ ಅಂತ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಚಿಕ್ಕ ಚಕ್ರ ಹಾಕಿದ ತಕ್ಷಣ ಅದರ ಮೇಲಂಚು ನಿಮ್ಮ ಸ್ಪೀಡ್ ಮೀಟರಿಗೆ ಅಡ್ಡ ಬರಬಹುದು. ಕಂಪನಿಯವರು ಡ್ಯಾಶ್‌ಬೋರ್ಡ್ ಮಾಡುವಾಗ ತಮ್ಮ ಚಕ್ರದ ಸೈಜಿಗೆ ತಕ್ಕ ಹಾಗೆ ಮೀಟರ್ ಕೂರಿಸಿರ್ತಾರೆ. ಸೀಟಲ್ಲಿ ಕೂತು ನೋಡದೆ, ಫೋಟೊ ನೋಡಿ ತರಿಸಿಕೊಂಡೋರಿಗೆ ಇದು ಗೊತ್ತಾಗೋದು ದುಡ್ಡು ಹೋದ ಮೇಲೆ.

ಆಕಾರ: ಕೆಳಗೆ ಚಪ್ಪಟೆ, ಮೇಲೆ ಖಾಲಿ

ಕೆಳಭಾಗ ಚಪ್ಪಟೆ ಇರೋದನ್ನ ಡಿ-ಕಟ್ ಅಂತಾರೆ. ಇದು ಬಂದಿದ್ದು ರೇಸ್ ಕಾರುಗಳಿಂದ. ಅಲ್ಲಿ ಚಾಲಕ ಹೆಚ್ಚುಕಡಿಮೆ ಮಲಗಿದ ಹಾಗೆ ಕೂತಿರ್ತಾನೆ, ತೊಡೆಗೂ ಸ್ಟೇರಿಂಗಿಗೂ ನಡುವೆ ಜಾಗವೇ ಇರಲ್ಲ. ಅದಕ್ಕೆ ಕೆಳಗೆ ಕತ್ತರಿಸಿದ್ರು. ಈಗ ನಮ್ಮ ಹ್ಯಾಚ್‌ಬ್ಯಾಕ್‌ಗಳಲ್ಲೂ ಕಂಪನಿಯಿಂದಲೇ ಡಿ-ಕಟ್ ಬರುತ್ತೆ. ಉದ್ದ ಕಾಲಿನೋರಿಗೆ ಹತ್ತಿ ಇಳಿಯೋಕೆ ಸ್ವಲ್ಪ ಅನುಕೂಲ, ಉಳಿದಿದ್ದು ನೋಟಕ್ಕೆ. ಕಂಪನಿಯೇ ಕೊಟ್ಟಿದ್ರೆ ಏನೂ ತೊಂದರೆ ಇಲ್ಲ. ನಾಲ್ಕು ದಿನದಲ್ಲಿ ಕೈಗೆ ಅಭ್ಯಾಸ ಆಗುತ್ತೆ.

ಮೇಲೂ ಇಲ್ಲ ಕೆಳಗೂ ಇಲ್ಲ ಅನ್ನೋದು ಯೋಕ್. ಯೋಕ್ ಅಂದ್ರೆ ನೊಗ, ಎತ್ತಿನ ಹೆಗಲ ಮೇಲಿಡೋ ನೊಗವೇ. ಹೆಸರು ಕೇಳಿ ನಮ್ಮ ಚಿಕ್ಕಪ್ಪ ಜೋರಾಗಿ ನಕ್ಕುಬಿಟ್ರು. 2021ರಲ್ಲಿ ಟೆಸ್ಲಾ ಕಂಪನಿ ಮಾಡೆಲ್ ಎಸ್ ಕಾರಿಗೆ ಇದನ್ನ ಹಾಕ್ತು. ಜನ ಓಡಿಸಿ ನೋಡಿ ದೂರು ಹೇಳೋಕೆ ಶುರು ಮಾಡಿದ್ರು. ಹೈವೇಲಿ ಪರವಾಗಿಲ್ಲ, ಆದ್ರೆ ಯೂ-ಟರ್ನ್ ಹೊಡೆಯೋವಾಗ ಕೈ ಹಿಡಿ ಹುಡುಕುತ್ತೆ, ಸಿಕ್ಕೋದು ಗಾಳಿ. ಆಮೇಲೆ ಕಂಪನಿ ಗುಂಡು ಸ್ಟೇರಿಂಗನ್ನೂ ಕೊಡೋಕೆ ಶುರು ಮಾಡ್ತು.

ಹಾಗಾದ್ರೆ ರೇಸಲ್ಲಿ ಹೇಗೆ ನಡೆಯುತ್ತೆ? ನಮ್ಮ ಬೆಂಗಳೂರಿನ ಅಣ್ಣತಮ್ಮಂದಿರು ಅರ್ಜುನ್ ಮೈನಿ, ಕುಶ್ ಮೈನಿ ಹೆಸರು ಕೇಳಿರ್ತೀರಿ. ಕುಶ್ 2025ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ರು. ಅವರ ಕಾರಿನ ಸ್ಟೇರಿಂಗ್ ಗುಂಡಗಿಲ್ಲ. ಆದ್ರೆ ಅಲ್ಲಿ ಕೈ ಬಿಟ್ಟು ಹಿಡಿಯೋ ಪ್ರಮೇಯವೇ ಇಲ್ಲ. ಎಂಥ ತಿರುವಿದ್ರೂ ಅರ್ಧ ಸುತ್ತಿನ ಆಸುಪಾಸಲ್ಲಿ ಮುಗಿಯುತ್ತೆ, ಎರಡೂ ಕೈ ಇಟ್ಟ ಜಾಗದಲ್ಲೇ ಇರ್ತವೆ. ನಮ್ಮ ರಸ್ತೆ ಕಾರಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂವರೆ, ಮೂರು ಸುತ್ತು ಬೇಕು. ಒಳಗಿನ ಯಂತ್ರ ಬದಲಿಸದೆ ಮೇಲಿನ ಆಕಾರ ಮಾತ್ರ ಬದಲಿಸಿದ್ರೆ, ಅದು ಟ್ರ್ಯಾಕ್ಟರಿಗೆ ಸೈಕಲ್ ಹ್ಯಾಂಡಲ್ ಕೂರಿಸಿದ ಹಾಗೆ.

ಟ್ರ್ಯಾಕ್ಟರ್ ಅಂದಾಗ ನೆನಪಾಯ್ತು. ನಮ್ಮ ಕಡೆ ಟ್ರ್ಯಾಕ್ಟರ್ ಸ್ಟೇರಿಂಗ್ ಮೇಲೆ ಒಂದು ಗುಂಡು ಹಿಡಿ ಇರುತ್ತೆ, ಒಂದೇ ಕೈಯಲ್ಲಿ ಗರಗರ ತಿರುಗಿಸೋಕೆ. ಹೊಲದಲ್ಲಿ ಸಾಲಿನ ತುದಿಗೆ ಬಂದಾಗ ಒಂದು ಕೈ ನೇಗಿಲ ಲಿವರ್ ಮೇಲಿರುತ್ತೆ, ಅದಕ್ಕೆ ಅದು ಬೇಕು. ಕಾರಿಗೆ ಹಾಕ್ಕೊಂಡೋರನ್ನೂ ನೋಡಿದೀನಿ. ಬೇಡ. ಅಂಗಿ ತೋಳು ಸಿಕ್ಕಿಹಾಕ್ಕೊಳ್ಳುತ್ತೆ, ಡಿಕ್ಕಿ ಆದ್ರೆ ಎದೆಗೆ ನಾಟೋ ಮೊದಲ ವಸ್ತು ಅದೇ ಆಗುತ್ತೆ.

ಮೇಲ್ಮೈ: ನಮ್ಮ ಕೈ, ನಮ್ಮ ಬಿಸಿಲು

ಇನ್ನು ಚರ್ಮವೋ ಮರವೋ ಮಕಮಲ್ಲೋ. ರ್‍ಯಾಲಿ ಕಾರುಗಳಲ್ಲಿ ಮೃದುವಾದ ಸ್ವೇಡ್ ಥರದ ಬಟ್ಟೆ ಸುತ್ತಿದ ಸ್ಟೇರಿಂಗ್ ಇರುತ್ತೆ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ರಸ್ತೆಯಲ್ಲಿ ನಡೆಯೋ ರ್‍ಯಾಲಿಗೆ ಹೋದ್ರೆ ನೋಡಬಹುದು. ಚಕ್ರ ಚಾಲಕನ ಕಡೆಗೆ ಚಾಚಿಕೊಂಡಿರುತ್ತೆ, ಡೀಪ್ ಡಿಶ್ ಅಂತಾರೆ. ಆದ್ರೆ ಆ ಚಾಲಕರ ಕೈಗೆ ಗ್ಲೌಸ್ ಇರುತ್ತೆ. ಇಂಥ ಬಟ್ಟೆಗಳಲ್ಲಿ ಹೆಸರುವಾಸಿ ಅಲ್ಕಾಂಟಾರಾ. ನೋಡೋಕೆ ಚರ್ಮದ ಥರ, ನಿಜಕ್ಕೂ ಕೃತಕ ನೂಲಿನದ್ದು. 1970ರಲ್ಲಿ ಜಪಾನಿನಲ್ಲಿ ಕಂಡುಹಿಡಿದಿದ್ದು. ಬರಿಗೈಲಿ ದಿನಾ ಹಿಡಿದ್ರೆ ಬೆವರು, ಎಣ್ಣೆ ಕೂತು ಅದರ ನವಿರು ಹೋಗಿ ಹೊಳಪು ಬರುತ್ತೆ. ಆಗಾಗ ಶುಚಿ ಮಾಡ್ತಾನೇ ಇರಬೇಕು.

ತಮ್ಮನಿಗೆ ಇಷ್ಟ ಆಗಿದ್ದು ಅದೇ. ನಾನು ಕೇಳಿದೆ, 'ಸುಗ್ಗಿ ಟೈಮಲ್ಲಿ ನಿನ್ನ ಕೈ ಯಾವ ಬಣ್ಣ ಇರುತ್ತಪಾ?' ಅಡಿಕೆ ಸುಲಿಯೋರಿಗೆ, ಬೇಯಿಸೋರಿಗೆ ಗೊತ್ತು. ಚೊಗರು ಅಂಟಿದ ಕೈ ವಾರಗಟ್ಟಲೆ ಕಪ್ಪಗಿರುತ್ತೆ. ಆ ಕೈಲಿ ಸ್ವೇಡ್ ಸ್ಟೇರಿಂಗ್ ಹಿಡಿದ್ರೆ ಮುಗೀತು ಕಥೆ. ಅವನು ಏನೂ ಮಾತಾಡ್ಲಿಲ್ಲ. ಒಂದು ಫೋಟೊ ಡಿಲೀಟ್ ಆಯ್ತು.

ಮರದ್ದು? ಇಟಲಿಯ ನಾರ್ಡಿ ಕಂಪನಿಯ ಮರದ ಸ್ಟೇರಿಂಗ್ ಅಂದ್ರೆ ಹಳೇ ಸ್ಪೋರ್ಟ್ಸ್ ಕಾರುಗಳ ಆಭರಣ. ನಿಜವಾಗ್ಲೂ ಚೆಂದ. ಆದ್ರೆ ಬೆವರಿದ ಕೈಗೆ ಜಾರುತ್ತೆ. ಹಳೇ ಗಾಡಿ, ಭಾನುವಾರದ ಸವಾರಿ, ನಿಧಾನದ ಓಟ, ಅದಕ್ಕೆ ಸರಿ.

ಚೆನ್ನಾಗಿ ಹೊಲಿದ, ಅಲ್ಲಲ್ಲಿ ಸಣ್ಣ ತೂತಿರೋ ಚರ್ಮ ನಮ್ಮ ಹವೆಗೆ ಒಗ್ಗುತ್ತೆ. ಇದರಲ್ಲಿ ಒಂದು ಎಚ್ಚರಿಕೆ, ನನ್ನದೇ ಅನುಭವ. ನನ್ನ ಹಳೇ ಹ್ಯಾಚ್‌ಬ್ಯಾಕಿಗೆ ಒಂದು ಅಗ್ಗದ ಸ್ಟೇರಿಂಗ್ ಕವರ್ ಹಾಕಿಸಿದ್ದೆ, ಎಳೆದು ಕೂರಿಸೋ ಥರದ್ದು. ಬೇಸಿಗೆಯಲ್ಲಿ ಸಡಿಲ ಆಗಿತ್ತು, ನಾನು ಗಮನ ಕೊಡಲಿಲ್ಲ. ಒಂದು ಸಂಜೆ ಚಾನಲ್ ಏರಿ ಮೇಲೆ ಎದುರಿಗೆ ಭತ್ತದ ಟ್ರ್ಯಾಕ್ಟರ್ ಬಂತು, ಎಡಕ್ಕೆ ಎಳೆದೆ. ಕವರ್ ತಿರುಗ್ತು, ಸ್ಟೇರಿಂಗ್ ತಿರುಗಲಿಲ್ಲ. ಅರ್ಧ ಸೆಕೆಂಡು ಅಷ್ಟೇ. ಇನ್ನೊಂದು ಎಳೆತಕ್ಕೆ ತಿರುಗ್ತು, ಕನ್ನಡಿ ಮಾತ್ರ ಹೋಯ್ತು. ಬಲಗಡೆ ಟ್ರ್ಯಾಕ್ಟರ್, ಎಡಗಡೆ ತುಂಬಿ ಹರಿಯೋ ಚಾನಲ್. ಆವತ್ತೇ ಮನೆಗೆ ಬಂದು ಬ್ಲೇಡಲ್ಲಿ ಕವರ್ ಕತ್ತರಿಸಿ ಬಿಸಾಕಿದೆ. ಕವರ್ ಹಾಕಿಸೋದಾದ್ರೆ ರಿಮ್ಮಿಗೆ ಸೇರಿಸಿ ಹೊಲಿಯೋದನ್ನೇ ಹಾಕಿಸಿ.

ಜೋಡಿಸೋದು ಹೇಗೆ?

ಹೊಸ ಸ್ಟೇರಿಂಗ್ ತಂದು ನೇರವಾಗಿ ಕೂರಿಸೋಕೆ ಆಗಲ್ಲ. ಕಾರಿನ ಸ್ಟೇರಿಂಗ್ ರಾಡಿನ ತುದಿಯಲ್ಲಿ ಹಲ್ಲುಗಳಿರ್ತವೆ, ಒಂದೊಂದು ಕಂಪನಿದು ಒಂದೊಂದು ಅಳತೆ. ಮಧ್ಯೆ ಬಾಸ್ ಕಿಟ್ ಅನ್ನೋ ಬಿಲ್ಲೆ ಬೇಕು. ಅದರ ಒಂದು ಮುಖ ರಾಡಿಗೆ, ಇನ್ನೊಂದು ಮುಖ ಹೊಸ ಸ್ಟೇರಿಂಗಿಗೆ. ಹೊಸ ಸ್ಟೇರಿಂಗಲ್ಲೂ ಆರು ಬೋಲ್ಟಿನ ಎರಡು ಮುಖ್ಯ ಅಳತೆಗಳಿವೆ: ಮೋಮೊ, ಸ್ಪಾರ್ಕೊದವು 70 ಮಿಲಿಮೀಟರ್ ವೃತ್ತದ ಮೇಲೆ, ನಾರ್ಡಿದು 74ರ ಮೇಲೆ. ನಾಲ್ಕು ಮಿಲಿಮೀಟರ್ ವ್ಯತ್ಯಾಸ. ತೂತು ಹೊಂದಲಿಲ್ಲ ಅಂತ ಡ್ರಿಲ್ ಹಾಕಿ ದೊಡ್ಡದು ಮಾಡಿಕೊಡ್ತೀನಿ ಅಂತ ಯಾರಾದ್ರೂ ಅಂದ್ರೆ, ಗಾಡಿ ಕೀ ತಗೊಂಡು ಅಲ್ಲಿಂದ ಹೊರಡಿ.

ಮೂಲ ಸ್ಟೇರಿಂಗ್ ಹಿಂದೆ ಕ್ಲಾಕ್ ಸ್ಪ್ರಿಂಗ್ ಅಂತ ಒಂದು ಭಾಗ ಇರುತ್ತೆ. ಚಪ್ಪಟೆ ವೈರನ್ನ ಸುರುಳಿ ಸುತ್ತಿಟ್ಟಿರ್ತಾರೆ. ಸ್ಟೇರಿಂಗ್ ಎಷ್ಟು ತಿರುಗಿದ್ರೂ ವೈರ್ ತುಂಡಾಗದೆ ಹಾರ್ನಿಗೆ, ಬಟನ್ನುಗಳಿಗೆ, ಮುಖ್ಯವಾಗಿ ಏರ್‌ಬ್ಯಾಗಿಗೆ ಕರೆಂಟ್ ಹೋಗ್ತಾ ಇರಬೇಕಲ್ಲ, ಅದಕ್ಕೆ. ಹತ್ತಿರದಲ್ಲೇ ಚಕ್ರ ಎಷ್ಟು ತಿರುಗಿದೆ ಅಂತ ಅಳೆಯೋ ಸೆನ್ಸರ್ ಕೂಡ ಇರುತ್ತೆ, ಗಾಡಿ ಜಾರಿದಾಗ ತಾನೇ ಬ್ರೇಕ್ ಹಿಡಿಯೋ ವ್ಯವಸ್ಥೆಗೆ ಅದರ ಲೆಕ್ಕ ಬೇಕು. ಅಂದ್ರೆ ಸ್ಟೇರಿಂಗ್ ಅನ್ನೋದು ಈಗ ಬರೀ ಚಕ್ರ ಅಲ್ಲ, ಗಾಡಿಯ ಅರ್ಧ ನರಮಂಡಲ ಅದರ ಮೂಲಕ ಹಾದುಹೋಗುತ್ತೆ.

ಚಕ್ರದ ಮಧ್ಯದಲ್ಲಿ ಕೂತಿರೋ ಚೀಲ

ಈಗ ಅಸಲಿ ವಿಷಯ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯ. ಅದು ಇರೋದು ಸ್ಟೇರಿಂಗಿನ ಮಧ್ಯದಲ್ಲಿ, ನೀವು ಹಾರ್ನ್ ಒತ್ತೋ ಜಾಗದ ಕೆಳಗೆ. ಡಿಕ್ಕಿ ಆದ ಕೂಡಲೇ ಸೆನ್ಸರ್ ಸಂಕೇತ ಕೊಡುತ್ತೆ, ಒಳಗಿನ ರಾಸಾಯನಿಕ ಉರಿದು ಅನಿಲ ಹುಟ್ಟುತ್ತೆ, ಚೀಲ ಸುಮಾರು 30ರಿಂದ 40 ಮಿಲಿಸೆಕೆಂಡಿನಲ್ಲಿ ತುಂಬುತ್ತೆ. ಕಣ್ಣು ಮಿಟುಕಿಸೋಕೆ 100 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಅಂದ್ರೆ ನೀವು ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಎಲ್ಲ ಮುಗಿದಿರುತ್ತೆ.

ಇಷ್ಟು ರಭಸದಿಂದ ಬರೋ ವಸ್ತುವಿನ ಮುಂದೆ ಹೇಗೆ ಕೂರಬೇಕು ಅನ್ನೋದಕ್ಕೂ ಲೆಕ್ಕ ಇದೆ. ಎದೆಗೂ ಸ್ಟೇರಿಂಗ್ ಮಧ್ಯಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ದೂರ. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ. ಸೀಟ್ ಬೆಲ್ಟ್ ಕಡ್ಡಾಯ, ಬೆಲ್ಟ್ ಇಲ್ಲದೆ ಮುಂದೆ ವಾಲಿದೋನಿಗೆ ಏರ್‌ಬ್ಯಾಗೇ ಹೊಡೆತ ಆಗುತ್ತೆ. ಆ ಮಧ್ಯಭಾಗಕ್ಕೆ ಹೊಳೆಯೋ ಕಲ್ಲಿನ ಸ್ಟಿಕ್ಕರ್, ಲೋಹದ ಲೋಗೊ ಅಂಟಿಸೋ ಹುಚ್ಚಿದೆಯಲ್ಲ? ಅಮೆರಿಕದಲ್ಲಿ ಡಿಕ್ಕಿಯಾದಾಗ ಅಂಥದ್ದೇ ಸ್ಟಿಕ್ಕರ್ ಹಾರಿ ಚಾಲಕರೊಬ್ಬರು ಒಂದು ಕಣ್ಣು ಕಳೆದುಕೊಂಡರು. 2022ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ ಇದರ ಬಗ್ಗೆ ಎಚ್ಚರಿಕೆ ಕೊಡ್ತು.

ತಮ್ಮ ಕಳಿಸಿದ ಐದೂ ಸ್ಟೇರಿಂಗಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಮಧ್ಯದಲ್ಲಿ ಇದ್ದಿದ್ದು ಹಾರ್ನ್ ಬಟನ್ ಮಾತ್ರ. 'ರೇಸ್ ಕಾರಲ್ಲೂ ಇರಲ್ವಲ್ಲಣ್ಣಾ' ಅಂದ. ನಿಜ, ಇರಲ್ಲ. ಆದ್ರೆ ರೇಸ್ ಚಾಲಕನಿಗೆ ತಲೆಗೆ ಹೆಲ್ಮೆಟ್ ಇರುತ್ತೆ, ಕುತ್ತಿಗೆ ಮುಂದಕ್ಕೆ ಮುರಿಯದ ಹಾಗೆ ಹಿಡಿಯೋ ಹ್ಯಾನ್ಸ್ ಅನ್ನೋ ಸಾಧನ ಇರುತ್ತೆ, ಐದಾರು ಕಡೆಯಿಂದ ಬಿಗಿದ ಬೆಲ್ಟ್ ಇರುತ್ತೆ. ಅವನ ಎದೆ ಸ್ಟೇರಿಂಗ್ ತನಕ ಬರೋದೇ ಇಲ್ಲ. ಅವೆಲ್ಲ ಬಿಟ್ಟು ಬರೀ ಸ್ಟೇರಿಂಗ್ ಮಾತ್ರ ತಗೊಂಡ್ರೆ, ಬ್ಯಾಲೆನ್ಸ್ ಶೀಟಲ್ಲಿ ಆಸ್ತಿ ಬರ್ಕೊಂಡು ಸಾಲ ಬಿಟ್ಟ ಹಾಗೆ.

ಆ ದಿನ ಶೆಡ್ಡಲ್ಲಿ

ಭಾನುವಾರ ಊರಿಗೆ ಹೋದೆ. ಅವನಿಗೆ ತೋರಿಸೋಣ ಅಂತ ಕಾರಲ್ಲಿ ಕೂತೆ. 'ನೋಡು, ಕೀ ಆನ್ ಮಾಡಿದ ತಕ್ಷಣ ಏರ್‌ಬ್ಯಾಗಿನ ಕೆಂಪು ದೀಪ ಹತ್ತುತ್ತೆ, ಕೆಲವು ಸೆಕೆಂಡ್ ಇದ್ದು ಆರುತ್ತೆ. ಹತ್ತಿ ಆರಿದ್ರೆ ವ್ಯವಸ್ಥೆ ಸರಿ ಇದೆ ಅಂತ. ಸ್ಟೇರಿಂಗ್ ಬದಲಿಸಿದ್ರೆ ಅದು ಹತ್ತೇ ಇರುತ್ತೆ' ಅಂತ ಹೇಳ್ತಾ ಕೀ ತಿರುಗಿಸಿದೆ.

ಬೇರೆ ದೀಪ ಎಲ್ಲ ಹತ್ತಿದ್ವು. ಏರ್‌ಬ್ಯಾಗ್ ದೀಪ ಹತ್ತಲೇ ಇಲ್ಲ.

ಇನ್ನೊಂದು ಸಲ ತಿರುಗಿಸಿದೆ. ಇಲ್ಲ. 'ಲೈಟ್ ಇಲ್ಲ ಅಂದ್ರೆ ಪ್ರಾಬ್ಲಮ್ ಇಲ್ಲ ಅಂತ ತಾನೆ?' ಅಂದ ತಮ್ಮ. ಅಲ್ಲ. ದೀಪ ಉರೀತಾನೇ ಇದ್ರೆ ಒಂದು ತೊಂದರೆ. ಒಮ್ಮೆಯೂ ಹತ್ತದೇ ಇದ್ರೆ ಅದಕ್ಕಿಂತ ದೊಡ್ಡ ಅನುಮಾನ. ಯಾರೋ ಅದನ್ನ ಬೇಕಂತಲೇ ಬಾಯಿ ಮುಚ್ಚಿಸಿರಬಹುದು.

ಮಾರನೇ ದಿನ ದಾವಣಗೆರೆಗೆ ತಗೊಂಡು ಹೋಗಿ ಬಲ್ಲವರ ಹತ್ರ ಸ್ಕ್ಯಾನ್ ಮಾಡಿಸಿದ್ವಿ. ಅವರು ಬ್ಯಾಟರಿ ವೈರ್ ತೆಗೆದು, ಸ್ವಲ್ಪ ಹೊತ್ತು ಕಾದು, ಸ್ಟೇರಿಂಗ್ ಮಧ್ಯದ ಮುಚ್ಚಳ ಬಿಚ್ಚಿದ್ರು. ಒಳಗೆ ಖಾಲಿ. ಚೀಲವೂ ಇಲ್ಲ, ಅದನ್ನ ಉಬ್ಬಿಸೋ ಡಬ್ಬಿಯೂ ಇಲ್ಲ. ವೈರಿಗೆ ಕಡ್ಲೆಕಾಳಿನಷ್ಟು ದೊಡ್ಡ ಒಂದು ರೆಸಿಸ್ಟರ್ ಕಟ್ಟಿದ್ರು, ಏರ್‌ಬ್ಯಾಗ್ ಇದೆ ಅಂತ ಕಂಪ್ಯೂಟರ್ ನಂಬಲಿ ಅಂತ. ಮೀಟರ್ ಬೋರ್ಡಿನ ದೀಪಕ್ಕೂ ಕೈ ಹಾಕಿದ್ರು. ಯಾವತ್ತೋ ದೊಡ್ಡ ಡಿಕ್ಕಿಯಾಗಿ ಏರ್‌ಬ್ಯಾಗ್ ಸಿಡಿದಿದೆ, ಆಮೇಲೆ ಹೊಸ ಮುಚ್ಚಳ ಹಾಕಿ, ಪಾಲಿಶ್ ಮಾಡಿ ಮಾರಿದಾರೆ. ಸೀಟ್ ಬೆಲ್ಟನ್ನ ಡಿಕ್ಕಿಯ ಕ್ಷಣದಲ್ಲಿ ಬಿಗಿಯೋ ಭಾಗವೂ ಒಮ್ಮೆ ಕೆಲಸ ಮಾಡಿ ಮುಗಿಸಿತ್ತು.

ಆ ಕಾರಲ್ಲಿ ತಮ್ಮ ಆಗಲೇ ಎರಡು ತಿಂಗಳು ಓಡಾಡಿದ್ದ. ದಾವಣಗೆರೆ, ಶಿವಮೊಗ್ಗ, ಒಂದು ಸಲ ಬೆಂಗಳೂರು. ಪಕ್ಕದ ಸೀಟಲ್ಲಿ ಒಂದು ದಿನ ಚಿಕ್ಕಮ್ಮ ಕೂತಿದ್ರು.

ಅವನು ಮುಚ್ಚಳ ಕೈಲಿ ಹಿಡ್ಕೊಂಡು ತುಂಬ ಹೊತ್ತು ನೋಡ್ತಾ ನಿಂತಿದ್ದ. ಮೇಲೆ ಕಂಪನಿ ಲಾಂಛನ ಫಳಫಳ ಅಂತಿತ್ತು.

ಕಾನೂನು, ವಿಮೆ, ದೂರು

ಸೆಕೆಂಡ್ ಹ್ಯಾಂಡ್ ಗಾಡಿ ನೋಡ್ತಿರೋರು ಇದನ್ನ ಗಮನ ಇಟ್ಟು ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಗಾಡಿಯನ್ನ ಮಾಲೀಕ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡೀತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ನಿಯಮ ಒಪ್ಪದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ ಅನ್ನುತ್ತೆ. ಚರ್ಮ ಹೊಲಿಸೋದು ಒಂದು, ಕಡ್ಡಾಯ ಸುರಕ್ಷತಾ ಸಾಧನ ಕಿತ್ತು ಬಿಸಾಡೋದು ಬೇರೆಯೇ. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಕ್ಲೇಮ್ ಟೈಮಲ್ಲಿ ತಕರಾರಿಗೆ ದಾರಿ ಮಾಡಿಕೊಡುತ್ತೆ.

ಮೋಸ ಹೋದ್ರೆ? ವ್ಯಾಪಾರಿಯಿಂದ ಕೊಂಡಿದ್ರೆ ಗ್ರಾಹಕ ರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಎರಡು ವರ್ಷದ ಒಳಗೆ. ಸಲಹೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಬಿಲ್ಲು, ಮೆಸೇಜು, ಸ್ಕ್ಯಾನ್ ರಿಪೋರ್ಟು, ಬಿಚ್ಚಿದಾಗಿನ ವಿಡಿಯೊ ಎಲ್ಲ ಇಟ್ಕೊಳ್ಳಿ. ನಮ್ಮ ತಮ್ಮನೂ ವಕೀಲರ ಮೂಲಕ ಮಾರಿದೋನಿಗೆ ನೋಟಿಸ್ ಕಳಿಸಿದಾನೆ. ಉತ್ತರ ಇನ್ನೂ ಬಂದಿಲ್ಲ, ಹಾಗಾಗಿ ಮಾರಿದೋನ ಹೆಸರು, ಊರು ಇಲ್ಲಿ ಹೇಳಲ್ಲ.

ಕೊನೆಗೆ ಏನು ಹಾಕಿಸಿದ?

ಈಗ ಅವನ ಮುಂದೆ ಎರಡು ದಾರಿ. ಹೇಗೂ ಏರ್‌ಬ್ಯಾಗ್ ಇಲ್ಲ, ಇಷ್ಟಪಟ್ಟ ಸ್ಟೇರಿಂಗ್ ಹಾಕ್ಕೊಂಡುಬಿಡೋದು, ಅದು ಅಗ್ಗ. ಇಲ್ಲ ಕಂಪನಿ ಏರ್‌ಬ್ಯಾಗು, ಬೆಲ್ಟಿನ ಭಾಗ, ಕಂಟ್ರೋಲ್ ಯೂನಿಟ್ ಎಲ್ಲ ಹೊಸದಾಗಿ ಹಾಕಿಸೋದು, ಅದರ ಎಸ್ಟಿಮೇಟ್ ಲಕ್ಷ ದಾಟಿತ್ತು. ಮಧ್ಯೆ ಒಬ್ಬ ಪರಿಚಯದೋನು ಆನ್‌ಲೈನಲ್ಲಿ ಅರ್ಧಕ್ಕರ್ಧ ಬೆಲೆಗೆ ಏರ್‌ಬ್ಯಾಗ್ ಸಿಗುತ್ತೆ ಅಂದ. ಅದನ್ನ ಬೇಡವೇ ಬೇಡ ಅಂದೆ. ಅಗ್ಗದ ನಕಲಿ ಏರ್‌ಬ್ಯಾಗ್ ಸಿಡಿದು ಲೋಹದ ಚೂರು ಹಾರಿ ಜನ ಸತ್ತಿದಾರೆ ಅಂತ 2024ರಲ್ಲಿ ಅಮೆರಿಕದ ಅದೇ ಇಲಾಖೆ ಎಚ್ಚರಿಸಿದೆ. ಜಪಾನಿನ ಟಕಾಟಾದಂಥ ದೊಡ್ಡ ಕಂಪನಿಯ ಏರ್‌ಬ್ಯಾಗುಗಳೇ ಬಿಸಿಲು, ತೇವಕ್ಕೆ ಒಳಗಿನ ರಾಸಾಯನಿಕ ಕೆಟ್ಟು ಹಾಗೆ ಸಿಡಿದು, ಜಗತ್ತಿನಾದ್ಯಂತ ಕೋಟಿಗಟ್ಟಲೆ ವಾಪಸ್ ಕರೆಸಿಕೊಂಡು, 2017ರಲ್ಲಿ ಕಂಪನಿಯೇ ದಿವಾಳಿ ಆಯ್ತು. ಹೆಸರಿಲ್ಲದ ಮಾಲಿನ ಗತಿ ಏನು?

ಮನೇಲಿ ಮಾತಾಯ್ತು. ಚಿಕ್ಕಪ್ಪ ಮೊದಲು ಅಂದಿದ್ದು, 'ನಾನು ಮೂವತ್ತು ವರ್ಷ ಟ್ರ್ಯಾಕ್ಟರ್ ಹೊಡ್ದೀನಿ, ಯಾವ ಬಲೂನ್ ಇತ್ತು?' ಚಿಕ್ಕಮ್ಮ ಒಲೆ ಮುಂದಿಂದ ಒಂದೇ ಮಾತು ಕೇಳಿದ್ರು: 'ಇಷ್ಟ್ ದಿನ ಅದಿಲ್ದೇನೇ ಓಡಿಸ್ಯಾನಾ?' ಯಾರೂ ಉತ್ತರ ಕೊಡಲಿಲ್ಲ. ಮಾರನೇ ದಿನ ಚಿಕ್ಕಪ್ಪ, ಖೇಣಿಯವರು ಕೊಟ್ಟ ಮುಂಗಡದಲ್ಲಿ ಒಂದು ಕಟ್ಟು ತೆಗೆದು ತಮ್ಮನ ಮುಂದೆ ಇಟ್ರು. ಮಾತಾಡಲಿಲ್ಲ.

ಈಗ ಆ ಕಾರಲ್ಲಿರೋದು ಕಂಪನಿಯದ್ದೇ ಗುಂಡು ಸ್ಟೇರಿಂಗ್. ರಿಮ್ಮಿಗೆ ಮಾತ್ರ ದಾವಣಗೆರೆಯ ಒಂದು ಕುಶನ್ ಅಂಗಡಿಯಲ್ಲಿ ಕಪ್ಪು ಚರ್ಮ ಹೊಲಿಸಿದ, ಕೆಂಪು ದಾರದಲ್ಲಿ. ಮಧ್ಯದ ಭಾಗ ಮುಟ್ಟಿಸಲಿಲ್ಲ. ಕೆಂಪು ದಾರ ಅವನ ಶೋಕಿ, ಅಷ್ಟಿರಲಿ ಬಿಡಿ.

ಹೊರಡೋ ಮುಂಚೆ ಫೋನಲ್ಲಿ ಬರ್ಕೊಳ್ಳೋಕೆ ಐದು ಮಾತು:

1. ಗಾಡಿ ಕೊಳ್ಳೋ ಮುಂಚೆ ಕೀ ಆನ್ ಮಾಡಿ ನೋಡಿ. ಏರ್‌ಬ್ಯಾಗ್ ದೀಪ ಹತ್ತಬೇಕು, ಆಮೇಲೆ ಆರಬೇಕು. ಎರಡೂ ಆಗಬೇಕು.

2. ಏರ್‌ಬ್ಯಾಗ್ ಇರೋ ಗಾಡಿಗೆ ಏರ್‌ಬ್ಯಾಗ್ ಇಲ್ಲದ ಸ್ಟೇರಿಂಗ್ ಬೇಡ. ಡಿ-ಕಟ್ ಬೇಕೇ ಬೇಕು ಅಂದ್ರೆ, ಅದೇ ಕಂಪನಿ ಅದೇ ಮಾಡೆಲ್ಲಿಗೆ ಏರ್‌ಬ್ಯಾಗ್ ಸಮೇತ ಕೊಡುತ್ತಾ ಕೇಳಿ.

3. ನೋಟ ಬದಲಿಸಬೇಕಾ? ರಿಮ್ಮಿಗೆ ಚರ್ಮ ಹೊಲಿಸಿ. ಜಾರೋ ಕವರ್ ಬೇಡ, ಮಧ್ಯಭಾಗಕ್ಕೆ ಸ್ಟಿಕ್ಕರ್ ಬೇಡ.

4. ಟ್ರ್ಯಾಕಿಗೆ ಮಾತ್ರ ಹೋಗೋ ಗಾಡಿಗೆ ಬೇರೆ ಸ್ಟೇರಿಂಗ್ ಹಾಕೋದಾದ್ರೆ ಹೆಲ್ಮೆಟ್, ಬೆಲ್ಟ್, ಕುತ್ತಿಗೆ ರಕ್ಷಣೆ ಎಲ್ಲ ಒಟ್ಟಿಗೆ ತಗೊಳ್ಳಿ.

5. ಸ್ಟೇರಿಂಗ್ ಮುಚ್ಚಳವನ್ನ ಮನೇಲಿ ನೀವೇ ಬಿಚ್ಚಬೇಡಿ. ಒಳಗಿರೋದು ಉರಿದು ಸಿಡಿಯೋ ವಸ್ತು.

ಮೊನ್ನೆ ಊರಿಗೆ ಹೋದಾಗ ತಮ್ಮ ಕೂರಿಸ್ಕೊಂಡು ಕೆರೆ ಏರಿ ಕಡೆ ಕರ್ಕೊಂಡು ಹೋದ. ಕೀ ತಿರುಗಿಸಿದ. ಕೆಂಪು ದೀಪ ಹತ್ತಿತು. ಇಬ್ಬರೂ ಮಾತಾಡದೆ ನೋಡ್ತಾ ಕೂತ್ವಿ. ಆರಿತು. 'ಹ್ಞಾಂ, ಈಗ ಬೆಲ್ಟ್ ಹಾಕಣ್ಣಾ' ಅಂದ.

ನಿಮ್ಮ ಗಾಡಿಯಲ್ಲೂ ಇವತ್ತೇ ಆ ದೀಪ ನೋಡಿ. ಅಪ್ಪನ ಗಾಡಿ, ಗೆಳೆಯನ ಗಾಡಿ, ಎಲ್ಲದರಲ್ಲೂ. ಹತ್ತಲಿಲ್ಲ ಅಂದ್ರೆ ಈ ಸಂಚಿಕೆಯನ್ನ ಅವರಿಗೆ ಕಳಿಸಿ, ಆಮೇಲೆ ಗಾಡಿನ ತೋರಿಸೋಕೆ ಕಳಿಸಿ. ಮುಂದಿನ ವಾರ ಸಿಗೋಣ. ನಿಧಾನಕ್ಕೆ ಹೋಗಿ, ಹುಷಾರಾಗಿ ಮನೆ ಸೇರಿ. ನಮಸ್ಕಾರ.